ಅಂಗನವಾಡಿಗೆ ಬರುವ ಬೇರೆ ಬೇರೆ ಮನೆಯ ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 19 ವರ್ಷ ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ಆಮೇಲೆ ಮೇಲ್ವಿಚಾರಕಿಯಾಗಿ ಕರಾವಳಿಗೆ ಹೋದೆ. ಈಗ ನಿವೃತ್ತಿಯಾಗಿದೆ. ಆದರೂ ಸರ್ಕಲ್ ಮೀಟಿಂಗ್‌ಗಳಿಗೆ ಕರೆದರೆ ಹೋಗುತ್ತೇನೆ. ಅಲ್ಲಿ ಕಾರ್ಯಕರ್ತೆಯರು ಕೇಳಿದ್ದು, ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಮಕ್ಕಳ ತಾಯಂದಿರು ಫೋನಿನಲ್ಲಿ ಕೇಳಿದ್ದು ಎಲ್ಲ ಸೇರಿಸಿ ಇದನ್ನು ಬರೆದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಖಾಸಗಿ ನರ್ಸರಿ ನಡೆಸುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರಬಹುದು.

## ಶುರುವಿನ ಪ್ರಶ್ನೆಗಳು

ಮೂರು ವರ್ಷದ ಮಗುಗೆ ಜಾತಿ, ಭಾಷೆ, ಧರ್ಮ ಏನು ಗೊತ್ತಾಗುತ್ತೆ ಮೇಡಂ? ಎಲ್ಲರನ್ನೂ ಒಂದೇ ಥರ ನೋಡಿದರೆ ಸಾಕಲ್ವಾ?

ಜಾತಿ ಅನ್ನುವ ಪದ ಗೊತ್ತಾಗುವುದಿಲ್ಲ, ನಿಜ. ಆದರೆ ಟೀಚರ್ ಯಾರನ್ನು ಎತ್ತಿಕೊಳ್ಳುತ್ತಾರೆ, ಯಾರನ್ನು ದೂರದಿಂದಲೇ ಕರೆಯುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಹುಟ್ಟಿ ಕೆಲವೇ ದಿನವಾದ ಕೂಸು ಕೂಡ ತನ್ನ ತಾಯಿಯ ಭಾಷೆಯ ಲಯವನ್ನು ಬೇರೆ ಭಾಷೆಯಿಂದ ಬೇರೆ ಮಾಡಿ ಗುರುತಿಸುತ್ತದೆ. ಹಾಗಿರುವಾಗ ಮೂರು ವರ್ಷದ ಮಗು, ತನ್ನ ಮನೆಯ ಮಾತು ಈ ಕೋಣೆಯಲ್ಲಿ ಯಾರ ಬಾಯಲ್ಲೂ ಇಲ್ಲ ಅನ್ನುವುದನ್ನು ಗಮನಿಸದೆ ಇರುತ್ತದೆಯೇ?

"ಒಂದೇ ಥರ" ಅನ್ನುವ ಮಾತನ್ನು ನಾನೂ ಬಹಳ ವರ್ಷ ಹೇಳಿದ್ದೆ. ಆಮೇಲೆ ಯೋಚನೆ ಮಾಡಿದೆ. ಎಲ್ಲರಿಗೂ ಕನ್ನಡದಲ್ಲೇ ಕಥೆ ಹೇಳಿದರೆ ಅದು ಒಂದೇ ಥರ. ಆದರೆ ಮನೆಯಲ್ಲಿ ಉರ್ದು ಮಾತಾಡುವ ಮಗುವಿಗೆ ಆ ಕಥೆಯ ಅರ್ಧವೂ ಸಿಗಲಿಲ್ಲ. ಎಲ್ಲರೂ ನೆಲದ ಮೇಲೆ ಕೂರಬೇಕು ಅನ್ನುವುದು ಒಂದೇ ಥರ. ಕಾಲು ಮಡಚಲಾಗದ ಮಗುವಿಗೆ ಅದು ಶಿಕ್ಷೆ. ಪ್ರೀತಿ ಎಲ್ಲರಿಗೂ ಒಂದೇ ಇರಲಿ. ಕೊಡುವ ರೀತಿ ಮಗುವಿನಿಂದ ಮಗುವಿಗೆ ಬೇರೆಯಾಗಲೇಬೇಕು.

ಹೊಸ ಮಗು ಸೇರಿದ ದಿನ ಮನೆಯವರ ಹತ್ರ ಏನೇನು ಕೇಳಬೇಕು?

ರಿಜಿಸ್ಟರ್ ಕೇಳುವ ವಿವರ ಹೇಗೂ ಬರೆದುಕೊಳ್ಳುತ್ತೀರಿ. ಅದರ ಜೊತೆ ಇನ್ನೂ ಕೆಲವನ್ನು ಕೇಳಿ. ಮನೆಯಲ್ಲಿ ಇವಳನ್ನು ಏನಂತ ಕರೆಯುತ್ತೀರಿ? ನೀರು, ಊಟ, ಉಚ್ಚೆ, ನೋವು, ಅಮ್ಮ ಅನ್ನೋದಕ್ಕೆ ನಿಮ್ಮ ಮಾತಿನಲ್ಲಿ ಏನಂತೀರಿ? ಅತ್ತರೆ ಹೇಗೆ ಸಮಾಧಾನ ಮಾಡುತ್ತೀರಿ? ಏನು ತಿನ್ನಲ್ಲ, ಏನು ತಿನ್ನಬಾರದು? ಹಗಲು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ?

ಉತ್ತರಗಳನ್ನು ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ, ಮಗುವಿಗೊಂದು ಪುಟ ಇಟ್ಟು ಬರೆಯಿರಿ. ಸಹಾಯಕಿಗೂ ಓದಿ ಹೇಳಿ. ಅಳುವ ಮಗುವನ್ನು ಮೊದಲು ಎತ್ತಿಕೊಳ್ಳುವುದು ಹೆಚ್ಚಾಗಿ ಅವರೇ ಅಲ್ವಾ?

ಇಷ್ಟನ್ನೂ ಬಾಗಿಲಲ್ಲಿ ನಿಂತು, ನಾಲ್ಕು ಜನರ ಮುಂದೆ ಕೇಳಬೇಡಿ. ಮೊದಲ ತಿಂಗಳಲ್ಲಿ ಹೇಗೂ ಮನೆ ಭೇಟಿ ಇರುತ್ತದೆ. ಅವರ ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ನೀರು ಕುಡಿದು ಕೇಳಿ. ನೀರು ಕುಡಿಯುವ ಮಾತನ್ನು ಸುಮ್ನೆ ಹೇಳುತ್ತಿಲ್ಲ. ನೀವು ಕುಡಿಯುತ್ತೀರೋ ಇಲ್ಲವೋ ಅಂತ ಆ ಮನೆಯವರು ನೋಡುತ್ತಿರುತ್ತಾರೆ.

ಹೆಸರು ಬಾಯಿಗೆ ಬರ್ತಿಲ್ಲ. ಚಿಕ್ಕದು ಮಾಡಿ ಕರೀಬಹುದಾ?

ಬೇಡ. ತಾಯಿಯ ಬಾಯಿಂದ ಮೂರು ಸಲ ಹೇಳಿಸಿ ಕೇಳಿ, ನೀವೂ ಮೂರು ಸಲ ಹೇಳಿ. ಬಂದೇ ಬರುತ್ತದೆ. ಮನೆಯವರೇ ಕರೆಯುವ ಮುದ್ದಿನ ಹೆಸರಿದ್ದರೆ ಅದನ್ನು ಬಳಸಬಹುದು. ನಮ್ಮ ಅನುಕೂಲಕ್ಕೆ ನಾವು ಇಡುವ ಹೆಸರು ಬೇಡ. "ಆ ತಾಂಡಾದ ಹುಡುಗ", "ಬಿಹಾರಿ ಪಾಪು" ಅಂತ ಕರೆಯುವುದಂತೂ ಬೇಡವೇ ಬೇಡ.

## ಭಾಷೆ

ಮಗುಗೆ ಕನ್ನಡ ಒಂದು ಅಕ್ಷರಾನೂ ಬರಲ್ಲ. ಒಂದು ತಿಂಗಳಿಂದ ಬಾಯೇ ಬಿಟ್ಟಿಲ್ಲ. ಏನು ಮಾಡಲಿ?

ನನಗೆ ಅತಿ ಜಾಸ್ತಿ ಬಂದಿರುವ ಪ್ರಶ್ನೆ ಇದು. ಬರುವುದು ಸಹಜ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ತಾಯಿಮಾತಾಗಿರುವವರು ಸುಮಾರು ಶೇ. 66. ಅಂದರೆ ಮೂವರಲ್ಲಿ ಒಬ್ಬರ ಮನೆಮಾತು ಬೇರೆ. ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ, ಬ್ಯಾರಿ, ಸೋಲಿಗ ಹೀಗೆ ಪಟ್ಟಿ ಬೆಳೆಯುತ್ತದೆ. ಲಂಬಾಣಿ ಮಾತು ಆ ಲೆಕ್ಕದಲ್ಲಿ ಹಿಂದಿಯ ಕೆಳಗೆ ಸೇರಿಹೋಗಿದೆ. ಹಾಗಾಗಿ ಪಟ್ಟಿ ನೋಡಿದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನನ್ನ ಎರಡನೇ ವರ್ಷದಲ್ಲಿ ಲಂಬಾಣಿ ತಾಂಡಾದಿಂದ ಒಬ್ಬ ಹುಡುಗ ಬಂದ. ಮೂರೂವರೆ ವರ್ಷ. ಮೂಲೆಯಲ್ಲಿ ಕೂತರೆ ಕೂತ. ಕರೆದರೆ ತಿರುಗುತ್ತಿರಲಿಲ್ಲ. ಆರು ವಾರ ನೋಡಿ, ಅವನಿಗೆ ಕಿವಿ ಕೇಳಿಸುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಒಂದು ಮಧ್ಯಾಹ್ನ ಅವನ ಅಜ್ಜಿ ಬಂದು ಬಾಗಿಲಲ್ಲಿ ನಿಂತು ಮೆಲ್ಲಗೆ ಏನೋ ಅಂದರು. ಹುಡುಗ ಬಾಣದ ಹಾಗೆ ಓಡಿ ಹೋದ. ಅವರ ಸೆರಗು ಹಿಡಿದುಕೊಂಡು ಐದು ನಿಮಿಷ ನಿಲ್ಲಿಸದೆ ಮಾತಾಡಿದ. ಕಿವಿಗೆ ಏನೂ ಆಗಿರಲಿಲ್ಲ. ನನ್ನ ಕೋಣೆಯಲ್ಲಿ ಅವನಿಗೆ ಕೇಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ, ಅಷ್ಟೇ.

ಆ ಅಜ್ಜಿಯನ್ನು ಕೂರಿಸಿಕೊಂಡು ಕೇಳಿದೆ. ತಾಯಿಗೆ "ಯಾಡಿ" ಅನ್ನುತ್ತಾರೆ. ನೀರಿಗೆ "ಪಾಣಿ". ರೊಟ್ಟಿಗೆ "ಬಾಟಿ". ಮಾರನೇ ದಿನ ಲೋಟ ಹಿಡಿದು "ಪಾಣಿ?" ಅಂದೆ. ಅವನು ನನ್ನ ಮುಖವನ್ನು ಆವತ್ತೇ ಮೊದಲ ಸಲ ಸರಿಯಾಗಿ ನೋಡಿದ.

ಹೊಸ ಭಾಷೆಯ ನಡುವೆ ಬಂದು ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮೌನವಾಗಿರುವುದು ಸಾಮಾನ್ಯ. ಆಗ ಅದು ಕೇಳಿಸಿಕೊಳ್ಳುತ್ತಿರುತ್ತದೆ, ಕೂಡಿಟ್ಟುಕೊಳ್ಳುತ್ತಿರುತ್ತದೆ. "ಹೇಳು, ಹೇಳು" ಅಂತ ಒತ್ತಾಯ ಮಾಡಬೇಡಿ. ಎಲ್ಲರ ಮುಂದೆ ಎದ್ದು ನಿಲ್ಲಿಸಬೇಡಿ. ಮಾತು ಬೇಡದ ಆಟ ಕೊಡಿ: ಮರಳು, ನೀರು, ಮಣ್ಣು, ಚಪ್ಪಾಳೆ. ಅಭಿನಯದ ಹಾಡುಗಳಲ್ಲಿ ಮೊದಲು ಕೈ ಸೇರುತ್ತದೆ, ಬಾಯಿ ಆಮೇಲೆ ಬರುತ್ತದೆ. ನೀವು ಹೇಳುವುದನ್ನು ವಸ್ತು ತೋರಿಸಿ, ಚಿಕ್ಕ ಮಾತಿನಲ್ಲಿ, ದಿನಾ ಅದೇ ಹೊತ್ತಿಗೆ ಅದೇ ರೀತಿ ಹೇಳಿ. ಅದೇ ಮನೆಮಾತಿನ ಸ್ವಲ್ಪ ದೊಡ್ಡ ಮಗು ಇದ್ದರೆ ಪಕ್ಕ ಕೂರಿಸಿ. ಆದರೆ ಇಡೀ ದಿನ ಅವಳನ್ನೇ ದುಭಾಷಿ ಮಾಡಬೇಡಿ. ಅವಳೂ ಆಡಬೇಕು.

ಮಕ್ಕಳ ಮನೆಮಾತಿನ ಹತ್ತು ಪದ ಕಲಿಯುವಾಗ ನಿಮ್ಮ ಕಿವಿ ನಂಬಿ ಮೋಸ ಹೋಗಬೇಡಿ, ಮನೆಯವರನ್ನೇ ಕೇಳಿ ಕಲಿಯಿರಿ. ಕರಾವಳಿಗೆ ಹೋದ ಹೊಸದರಲ್ಲಿ ಒಂದು ಮಗು "ಎಂಕ್ ಅಪ್ಪೆ ಬೋಡು" ಅಂತ ಅಳುತ್ತಿತ್ತು. ನಾನು "ಅಪ್ಪ ಸಂಜೆ ಬರ್ತಾರಮ್ಮ" ಅಂತ ಸಮಾಧಾನ ಮಾಡುತ್ತಿದ್ದೆ. ಅಳು ಇನ್ನೂ ಜಾಸ್ತಿಯಾಯಿತು. ಸಹಾಯಕಿ ಬಂದು ಹೇಳಿದರು: ತುಳುವಿನಲ್ಲಿ ಅಪ್ಪೆ ಅಂದರೆ ಅಮ್ಮ. ಅಪ್ಪನಿಗೆ ಅಮ್ಮೆ ಅನ್ನುತ್ತಾರೆ.

ಬೇಗ ಕನ್ನಡ ಕಲೀಲಿ ಅಂತ ಮನೇಲೂ ಕನ್ನಡಾನೇ ಮಾತಾಡಿ ಅಂದೆ. ತಪ್ಪಾ?

ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತೀರಿ. ಆದರೂ ಆ ಸಲಹೆ ವಾಪಸ್ ತಗೊಳ್ಳಿ. ತಾಯಿ ತನಗೆ ಅರೆಬರೆ ಬರುವ ಭಾಷೆಯಲ್ಲಿ ಮಾತಾಡತೊಡಗಿದರೆ ಮಾತು ಕಡಿಮೆಯಾಗುತ್ತದೆ. ಕಥೆ ನಿಲ್ಲುತ್ತದೆ, ಜೋಗುಳ ನಿಲ್ಲುತ್ತದೆ. ಉಳಿಯುವುದು "ಬಾ, ಹೋಗು, ತಿನ್ನು" ಅಷ್ಟೇ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟ ಮಗು ಎರಡನೆಯದನ್ನು ಚೆನ್ನಾಗಿ ಕಲಿಯುತ್ತದೆ. ಕನ್ನಡ ಕಲಿಸುವುದು ನಮ್ಮ ಕೆಲಸ. ಮನೆಮಾತು ಉಳಿಸುವುದು ಅವರ ಕೆಲಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಬೇಕು ಅನ್ನುತ್ತದೆ.

ಕನ್ನಡದ ಮನೆಗಳಲ್ಲಿ ಇದೇ ಮಾತು ಇಂಗ್ಲಿಷ್ ಹೆಸರಲ್ಲಿ ಬರುತ್ತದೆ. "ಮನೇಲಿ ಇಂಗ್ಲಿಷ್‌ನಲ್ಲೇ ಮಾತಾಡಿಸಿ" ಅಂತ ಹೇಳಿಸಿಕೊಂಡು ಬಂದ ತಾಯಂದಿರಿಗೂ ನನ್ನ ಉತ್ತರ ಇದೇ.

ಮಗು ಹಾಲಿಗೆ "ಆಲು" ಅನ್ನುತ್ತೆ, ಹಾವಿಗೆ "ಆವು" ಅನ್ನುತ್ತೆ. ತಿದ್ದಬೇಕಲ್ವಾ?

ಅವಳ ಅಜ್ಜ, ಅಪ್ಪ, ಇಡೀ ಕೇರಿ ಹಾಗೇ ಮಾತಾಡುತ್ತಿರುವಾಗ ಅದು ಅವರ ಕನ್ನಡ. ತಪ್ಪು ಕನ್ನಡ ಅಲ್ಲ. ಅವಳು "ಆಲು ಬೇಕು" ಅಂದರೆ ನೀವು "ಹಾಲು ಬೇಕಾ? ತಗೋ ಹಾಲು" ಅನ್ನಿ, ಸಾಕು. ಕಿವಿಗೆ ಎರಡೂ ಬೀಳುತ್ತವೆ. ಬರೆಯುವ ವಯಸ್ಸಿಗೆ ಪುಸ್ತಕದ ರೂಪ ತಾನಾಗಿ ಬರುತ್ತದೆ. ತಿದ್ದುವ ನೆಪದಲ್ಲಿ ಬೇರೆ ಮಕ್ಕಳು ನಕ್ಕರೆ ಮಾತ್ರ ಆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಧಾರವಾಡದ ಕಡೆಯ ಮಗು ಮೈಸೂರಿನಲ್ಲಿ, ಮೈಸೂರಿನ ಮಗು ಮಂಗಳೂರಿನಲ್ಲಿ ಇದೇ ನಗು ಎದುರಿಸುತ್ತದೆ.

ಮನೇಲಿ ಎರಡು ಮೂರು ಭಾಷೆ ಇರೋದಕ್ಕೇ ಮಾತು ತಡವಾಗಿದೆ ಅಂತಾರೆ. ಕಾಯೋದಾ, ಡಾಕ್ಟರಿಗೆ ತೋರಿಸೋದಾ?

ಎರಡು ಭಾಷೆ ಕೇಳಿಸಿಕೊಂಡಿದ್ದಕ್ಕೇ ಮಾತಿನ ತೊಂದರೆ ಬರುವುದಿಲ್ಲ. ಪದ ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಿ. ಕನ್ನಡದಲ್ಲಿ ಮಾತಿಲ್ಲ, ಮನೆಮಾತಿನಲ್ಲಿ ಚೆನ್ನಾಗಿ ಆಡುತ್ತಾನೆ ಅಂದರೆ ಚಿಂತೆ ಬೇಡ. ಮನೆಮಾತಿನಲ್ಲೂ ಇಲ್ಲ ಅಂದರೆ ಮಾತ್ರ ಎಚ್ಚರ ಬೇಕು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಬೇಕಾದದ್ದನ್ನು ಬೆರಳು ತೋರಿಸಿ ಕೇಳದಿರುವುದು, ಎರಡು ವರ್ಷವಾದರೂ ಎರಡು ಪದ ಸೇರಿಸದಿರುವುದು, ಆಡುತ್ತಿದ್ದ ಮಾತು ನಿಂತುಹೋಗುವುದು. ಇವು ಯಾವುದಿದ್ದರೂ ಕಾಯಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾದ ಯೋಜನೆ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಬರುವ ದಿನ ಇಂಥ ಮಗು ತಪ್ಪಿಸದಂತೆ ನೋಡಿಕೊಳ್ಳಿ. ಅಲ್ಲಿಯವರೆಗೂ ಕಾಯಲು ಆಗದಿದ್ದರೆ ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಕಿವಿ ಪರೀಕ್ಷೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಾನು ಆರು ವಾರ ಊಹೆ ಮಾಡುತ್ತಾ ಕೂತ ಹಾಗೆ ನೀವು ಕೂರಬೇಡಿ.

## ಊಟ, ಹಬ್ಬ, ಆಟ

ಅಕ್ಕಾ, ಮೊಟ್ಟೆ ದಿನ ಬಂದರೆ ತಲೆನೋವು. ತಿನ್ನೋರು, ತಿನ್ನದೋರು, ಮನೇಲಿ ತಿನ್ನದೆ ಇಲ್ಲಿ ಕೇಳೋರು. ಹೇಗೆ ನಿಭಾಯಿಸೋದು?

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ತೂಕ ಕಡಿಮೆ ಇರುವ ಎಷ್ಟೋ ಮಕ್ಕಳಿಗೆ ವಾರದಲ್ಲಿ ಸಿಗುವ ಅತಿ ಒಳ್ಳೆಯ ಆಹಾರ ಅದೇ. ಆದ್ದರಿಂದ ಯಾರೋ ನಾಲ್ಕು ಜನ ಬೇಡ ಅಂದರು ಅಂತ ತಿನ್ನುವ ಮಕ್ಕಳ ಮೊಟ್ಟೆ ನಿಲ್ಲಿಸಬಾರದು. ಅದರಲ್ಲಿ ನನಗೆ ಎರಡು ಮಾತಿಲ್ಲ. ಹಾಗೇ, ತಿನ್ನದ ಮನೆಯ ಮಗುವಿಗೆ "ಒಂದು ಸಲ ತಿಂದು ನೋಡು" ಅಂತ ಗುಟ್ಟಾಗಿ ಕೊಡುವುದೂ ತಪ್ಪು. ತಾಯಿ ನಮ್ಮನ್ನು ನಂಬಿ ಮಗುವನ್ನು ಬಿಟ್ಟುಹೋಗಿದ್ದಾಳೆ. ಆ ನಂಬಿಕೆ ಒಂದು ಸಲ ಹೋದರೆ ಮತ್ತೆ ಕಟ್ಟುವುದು ಕಷ್ಟ.

ಸೇರಿಸುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಶಾಲೆಗಳಲ್ಲಿ ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು ಕೊಡುತ್ತಾರೆ. ಅಂಗನವಾಡಿಯಲ್ಲೂ ಬದಲಿ ಏನು ಅನ್ನುವುದನ್ನು ಮೇಲ್ವಿಚಾರಕಿಯ ಹತ್ತಿರ ಕೇಳಿ ಅದೇ ಹೊತ್ತಿಗೆ ಕೊಡಿ. ತಟ್ಟೆ ಖಾಲಿ ಇಟ್ಟುಕೊಂಡು ಪಕ್ಕದವರನ್ನು ನೋಡುತ್ತಾ ಯಾವ ಮಗುವೂ ಕೂರಬಾರದು.

ಸಾಲು ಮಾತ್ರ ಬೇರೆ ಮಾಡಬೇಡಿ. ತಿನ್ನುವವರು ಈ ಕಡೆ, ತಿನ್ನದವರು ಆ ಕಡೆ ಅಂತ ಕೂರಿಸಿದರೆ ನಮ್ಮ ಊರುಗಳಲ್ಲಿ ಆ ಸಾಲಿಗೆ ಬೇರೆಯೇ ಅರ್ಥ ಬಂದುಬಿಡುತ್ತದೆ. ಜೊತೆಯಲ್ಲೇ ಕೂರಿಸಿ. "ಥೂ, ವಾಸನೆ" ಅಂತ ಒಂದು ಮಗು ಅಂದರೆ ಗದರಿಸಬೇಡಿ. "ನಿಮ್ಮ ಮನೇಲಿ ತಿನ್ನಲ್ಲ, ಅವಳ ಮನೇಲಿ ತಿಂತಾರೆ. ಊಟಕ್ಕೆ ಥೂ ಅನ್ನಬಾರದು" ಅನ್ನಿ. ಮೂರು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೊಟ್ಟೆಗಷ್ಟೇ ಅಲ್ಲ, ಒಣಮೀನಿಗೂ, ಜೋಳದ ರೊಟ್ಟಿಗೂ, ರಾಗಿ ಮುದ್ದೆಗೂ ಇದೇ ಮಾತು.

ಯಾವ ಯಾವ ಹಬ್ಬ ಮಾಡಬೇಕು? ಒಂದು ಮಾಡಿದರೆ ಇನ್ನೊಬ್ಬರಿಗೆ ಬೇಜಾರು. ಯಾವುದೂ ಬೇಡ ಅಂತ ಬಿಟ್ಟುಬಿಡಲಾ?

ಬಿಟ್ಟುಬಿಡಬೇಡಿ. ಮಕ್ಕಳಿಗೆ ಹಬ್ಬ ಬೇಕು. ಅಂಗನವಾಡಿಯಲ್ಲಿ ಪೂಜೆ ಮಾಡುವುದು ಬೇರೆ, ಮನೆಯಲ್ಲಿ ಹಬ್ಬ ಹೇಗಿತ್ತು ಅಂತ ಮಾತಾಡುವುದು ಬೇರೆ. ಎರಡನೆಯದನ್ನು ಆರಿಸಿಕೊಳ್ಳಿ. ಹಬ್ಬದ ಮಾರನೇ ದಿನ ಆ ಮನೆಯ ಮಗು ಏನು ತಿಂದೆ, ಯಾರು ಬಂದರು, ಯಾವ ಬಟ್ಟೆ ಹಾಕಿದೆ ಅಂತ ಹೇಳಲಿ. ಉಳಿದವರು ಕೇಳಲಿ. ರಂಜಾನ್‌ನ ಚಂದ್ರ, ಕ್ರಿಸ್‌ಮಸ್ ನಕ್ಷತ್ರ, ತಾಂಡಾದ ತೀಜ್‌ನಲ್ಲಿ ಬುಟ್ಟಿಯಲ್ಲಿ ಮೊಳೆಸುವ ಗೋಧಿ, ಕೊಡಗಿನ ಹುತ್ತರಿಯ ಹೊಸ ಕದಿರು, ನಮ್ಮ ಕಡೆಯ ಎಳ್ಳಮಾವಾಸ್ಯೆಯ ಹೊಲದೂಟ ಎಲ್ಲವೂ ಚಿತ್ರ ಬರೆಯುವ ವಿಷಯ. ಗೋಧಿ ಮೊಳೆಸುವುದನ್ನು ಎಲ್ಲ ಮಕ್ಕಳೂ ಸೇರಿ ಮಾಡಬಹುದು, ನಾವು ಮಾಡಿದ್ದೇವೆ.

ಆದರೆ ಹಬ್ಬದ ದಿನ ಮಾತ್ರ ಒಂದು ಮನೆಯನ್ನು ನೆನಪಿಸಿಕೊಂಡು ಉಳಿದ ದಿನ ಮರೆತರೆ ಪ್ರಯೋಜನ ಕಡಿಮೆ. ಗೋಡೆಯ ಚಿತ್ರಗಳನ್ನು ಒಮ್ಮೆ ನೋಡಿ. ಅದರಲ್ಲಿರುವ ಅಮ್ಮಂದಿರೆಲ್ಲ ಒಂದೇ ಥರ ಸೀರೆ ಉಟ್ಟು, ಒಂದೇ ಥರ ಮನೆಯ ಮುಂದೆ ನಿಂತಿದ್ದಾರಾ? ನಿಮ್ಮ ಮಕ್ಕಳ ಅಮ್ಮಂದಿರು ಆ ಗೋಡೆಯಲ್ಲಿ ಇದ್ದಾರಾ?

ಗಂಡು ಹುಡುಗ ಅಡುಗೆ ಆಟ ಬಿಟ್ಟು ಬೇರೆ ಆಡಲ್ಲ. ಅವರಪ್ಪ ಜಗಳಕ್ಕೆ ಬಂದಿದ್ದಾರೆ.

ಆಡಲಿ ಬಿಡಿ. ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವ ಭಟ್ಟರು ಗಂಡಸರೇ ಅಲ್ವಾ ಅಂತ ಆ ಅಪ್ಪನಿಗೆ ಹೇಳಿ. ಹುಡುಗಿಯರ ಕೈಗೆ ಚೆಂಡು, ಗಾಡಿ ಸಿಗುತ್ತಿದೆಯಾ ಅಂತಲೂ ನೋಡಿ. ಪೊರಕೆ ಹಿಡಿಯಲು ಯಾವಾಗಲೂ ಹುಡುಗಿಯರನ್ನೇ ಕರೆಯುವ ಅಭ್ಯಾಸ ನಮ್ಮಲ್ಲೇ ಇರುತ್ತದೆ.

## ಅಂಗವಿಕಲತೆ ಇರುವ ಮಕ್ಕಳು

ನಮಗೆ ಅದರ ತರಬೇತಿ ಇಲ್ಲ. ಇರೋದು ಇಬ್ಬರು, ಮಕ್ಕಳು ಇಪ್ಪತ್ತೆಂಟು. ಸ್ಪೆಷಲ್ ಸ್ಕೂಲಿಗೇ ಹಾಕಿ ಅಂದರೆ ತಪ್ಪಾ?

ನಿಮ್ಮ ಕಷ್ಟ ಸುಳ್ಳಲ್ಲ. ಇಬ್ಬರು ಸೇರಿ ಅಡುಗೆ, ತೂಕ, ಮೊಬೈಲಿನಲ್ಲಿ ದಾಖಲೆ, ಪಾಠ, ಮನೆ ಭೇಟಿ ಎಲ್ಲ ಮಾಡಬೇಕು. ಗೌರವಧನ ಅಂತ ಕೊಡುವುದು ಎಷ್ಟು ಅಂತ ನನಗೆ ಗೊತ್ತು. ಹೆಚ್ಚು ಕೈ ಬೇಕು ಅಂತ ಮೇಲಿನವರನ್ನು ಕೇಳುತ್ತಲೇ ಇರಬೇಕು. ಆದರೆ ಆ ಮಗುವನ್ನು ಬಾಗಿಲಿನಿಂದ ವಾಪಸ್ ಕಳಿಸಬಾರದು. ಹಳ್ಳಿಯ ಮೂರು ವರ್ಷದ ಮಗುವಿಗೆ ಸ್ಪೆಷಲ್ ಸ್ಕೂಲ್ ಅಂದರೆ ಎಷ್ಟೋ ಸಲ ಯಾವ ಸ್ಕೂಲೂ ಇಲ್ಲ ಅಂತಲೇ ಅರ್ಥ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸುತ್ತದೆ. 2023ರ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ, ಅಂಗವಿಕಲ ಮಕ್ಕಳನ್ನು ಅಂಗನವಾಡಿಯಲ್ಲಿ ಗುರುತಿಸುವುದು, ಸೇರಿಸಿಕೊಳ್ಳುವುದು ಹೇಗೆ ಅನ್ನುವುದಕ್ಕೇ "ದಿವ್ಯಾಂಗ ಮಕ್ಕಳ ಅಂಗನವಾಡಿ ಪ್ರೋಟೋಕಾಲ್" ಅಂತ ಒಂದು ಮಾರ್ಗಸೂಚಿ ತಂದಿತು. ತರಬೇತಿ ಕೇಳುವಾಗ ಅದರ ಹೆಸರು ಹೇಳಿ ಕೇಳಿ.

ನಾಳೆಯಿಂದಲೇ ಮಾಡಬಹುದಾದ್ದು ಬಹಳ ಇದೆ. ಬೆನ್ನು ನಿಲ್ಲದ ಮಗುವನ್ನು ಗೋಡೆಯ ಮೂಲೆಯಲ್ಲಿ ಎರಡು ಕಡೆ ದಿಂಬು ಇಟ್ಟು ಕೂರಿಸಿ, ಆದರೆ ವೃತ್ತವನ್ನೇ ಆ ಮೂಲೆಯ ಹತ್ತಿರ ಎಳೆದುಕೊಳ್ಳಿ. ಚಮಚದ ಹಿಡಿಗೆ ಹಳೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬಿಗಿ ಕೈಗೂ ಹಿಡಿಯಲು ಬರುತ್ತದೆ. ಕಣ್ಣು ಮಂಜಾದ ಮಗುವಿಗೆ ಬಾಗಿಲ ಚೌಕಟ್ಟಿಗೆ ಕೆಂಪು ಪಟ್ಟಿ ಬಳಿಯಿರಿ. ಗದ್ದಲ ತಡೆಯಲಾರದ ಮಗುವಿಗೆ ಒಂದು ಮೂಲೆಯಲ್ಲಿ ಚಾಪೆ ಹಾಕಿ, ಅದು ಅವಳು ಬೇಕೆಂದಾಗ ಹೋಗಿ ಕೂರುವ ಜಾಗ. ಶಿಕ್ಷೆಯ ಜಾಗ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರಲಿ. ದಿನದ ಕೆಲಸಗಳನ್ನು ಚಿತ್ರ ಬರೆದು ಸಾಲಾಗಿ ಅಂಟಿಸಿ: ಹಾಡು, ಕೈತೊಳೆ, ಊಟ, ನಿದ್ದೆ. ಇದು ಕನ್ನಡ ಬಾರದ ಮಗುವಿಗೂ ಅಷ್ಟೇ ಉಪಯೋಗ.

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ. ಬಹಳಷ್ಟು ಕಡೆ ಅವರೇ ಅಂಗವಿಕಲತೆ ಇರುವವರು. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿ, ಸಲಕರಣೆ ಎಲ್ಲದಕ್ಕೂ ದಾರಿ ಗೊತ್ತಿರುವುದು ಅವರಿಗೆ. ಅವರ ಫೋನ್ ನಂಬರ್ ನಿಮ್ಮ ಗೋಡೆಯ ಮೇಲಿರಲಿ.

ಬೇರೆ ಮಕ್ಕಳು "ಅವನ್ಯಾಕೆ ಹಂಗಿದಾನೆ?" ಅಂತ ಅವನ ಮುಂದೇನೇ ಕೇಳ್ತಾರೆ. ಏನು ಹೇಳಲಿ?

ಇದ್ದದ್ದನ್ನು ಹೇಳಿ. "ಅವನ ಕಾಲಿಗೆ ಬಲ ಕಡಿಮೆ. ಅದಕ್ಕೆ ತೆವಳ್ತಾನೆ. ನೀನು ಓಡ್ತೀಯ, ಅವನು ತೆವಳ್ತಾನೆ." "ಶ್, ಹಾಗೆಲ್ಲ ಕೇಳಬಾರದು" ಅಂದರೆ ಅದೇನೋ ನಾಚಿಕೆಯ ವಿಷಯ ಅಂತ ಇಬ್ಬರೂ ಕಲಿಯುತ್ತಾರೆ. "ಪಾಪ" ಅನ್ನುವ ಮಾತನ್ನೂ ಬಿಡಿ. ಹಿಂದಿನ ಜನ್ಮದ ಕರ್ಮ ಅಂತ ಆ ತಾಯಿ ಊರಿನವರಿಂದ ಈಗಾಗಲೇ ಸಾಕಷ್ಟು ಕೇಳಿರುತ್ತಾಳೆ. ನಮ್ಮ ಬಾಯಿಂದಲೂ ಅದು ಬರುವುದು ಬೇಡ.

## ಕಷ್ಟದ ಪ್ರಶ್ನೆಗಳು

ಕಬ್ಬು ಕಡಿಯೋರ ಮಕ್ಕಳು, ಕಟ್ಟಡ ಕೆಲಸದವರ ಮಕ್ಕಳು ಮೂರು ತಿಂಗಳಿಗೆ ಬರ್ತಾರೆ, ಹೋಗ್ತಾರೆ. ದಾಖಲೆ ಏನೂ ಇರಲ್ಲ. ಅವರನ್ನ ಹೇಗೆ ಸೇರಿಸಿಕೊಳ್ಳೋದು?

ಮೊದಲು ಊಟ, ಆಮೇಲೆ ಕಾಗದ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯ ಊಟ ಹಕ್ಕು. ಮಕ್ಕಳ ದಾಖಲೆ ಇಡುವ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಆಧಾರ್ ಕಡ್ಡಾಯ ಅಲ್ಲ, ತಾಯಿಯದ್ದು ಇದ್ದರೆ ಹೆಸರು ಸೇರಿಸಬಹುದು. ಬೇರೆ ಊರಿನ ಅಂಗನವಾಡಿಯಲ್ಲಿ ಹೆಸರಿದ್ದರೆ ಅಲ್ಲಿಂದ ಇಲ್ಲಿಗೆ ವರ್ಗಾಯಿಸಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿದೆ. ತಾಯಿ ಕಾರ್ಡ್ ಇದ್ದರೆ ಯಾವ ಲಸಿಕೆ ಬಾಕಿ ಇದೆ ನೋಡಿ, ಲಸಿಕೆ ಹಾಕುವ ಎಎನ್‌ಎಂ ಸಿಸ್ಟರ್‌ಗೆ ತಿಳಿಸಿ.

ಕೆಲಸದ ಜಾಗದಲ್ಲೇ ಮಕ್ಕಳನ್ನು ನೋಡಿಕೊಳ್ಳಬೇಕು ಅನ್ನುವ ನಿಯಮ ಹೊಸದಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಟ್ಟಡದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಕರ್ನಾಟಕದ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ "ಕೂಸಿನ ಮನೆ" ಶುರುವಾಗಿವೆ. ದೂರದ ಹಾಡಿ, ತಾಂಡಾ, ಶೆಡ್ಡುಗಳಿಗೂ ಒಂದು ವಿಷಯ ನೆನಪಿಡಿ: ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಅಲ್ಲಿನವರು ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಅರ್ಜಿ ಬರೆದುಕೊಡಲು ಅವರಿಗೆ ನಿಮ್ಮ ಸಹಾಯ ಬೇಕಾಗುತ್ತದೆ.

ಮೂರು ತಿಂಗಳಿಗೆ ಏನು ಕಲಿಸುವುದು ಅಂತ ಕೇಳುತ್ತಾರೆ. ನಮ್ಮ ಕೇರಿಯವರು ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುತ್ತಾರೆ. ಅಲ್ಲಿ ಅವರ ಮಗುವನ್ನು ಯಾರಾದರೂ ಒಳಗೆ ಕರೆದು ಕೂರಿಸಿಕೊಂಡಿರಲಿ ಅಂತ ನಾನು ಎಷ್ಟು ಸಲ ಬೇಡಿಕೊಂಡಿದ್ದೇನೆ. ಇಲ್ಲಿಗೆ ಬಂದ ಒಡಿಶಾದ ಮಗುವಿನ ಅಜ್ಜಿಯೂ ತನ್ನೂರಲ್ಲಿ ಕೂತು ಅದನ್ನೇ ಬೇಡಿಕೊಳ್ಳುತ್ತಿರುತ್ತಾಳೆ.

ತಂದೆ ಹೆಸರು ಕೇಳಿದರೆ ಕೆಲವು ತಾಯಂದಿರು ಸುಮ್ನಾಗಿಬಿಡ್ತಾರೆ. ಫಾರಂ ತುಂಬೋದು ಹೇಗೆ?

"ಮಗುವಿನ ಜವಾಬ್ದಾರಿ ಯಾರದು?" ಅಂತ ಕೇಳಿ. ತಾಯಿ ಅಂದರೆ ತಾಯಿಯ ಹೆಸರು ಬರೆಯಿರಿ. ಅಜ್ಜಿ ಅಂದರೆ ಅಜ್ಜಿಯದು. ಎರಡನೇ ಸಲ ತಂದೆಯ ಬಗ್ಗೆ ಕೇಳಬೇಡಿ. ದೇವದಾಸಿ ಪದ್ಧತಿಯನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಆದರೂ ಆ ತಾಯಂದಿರು, ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ಕಡೆ ಇದ್ದಾರೆ. ಗಂಡ ಬಿಟ್ಟವರಿದ್ದಾರೆ, ಬಿಟ್ಟು ಬಂದವರಿದ್ದಾರೆ. "ನಿಮ್ಮಪ್ಪನ ಹೆಸರೇನು?" ಅಂತ ಮಗುವನ್ನು ಎಲ್ಲರೆದುರು ಕೇಳುವ ಪದ್ಯ, ಆಟ ಇದ್ದರೆ ಅದನ್ನು "ನಿಮ್ಮ ಮನೇಲಿ ಯಾರ್‍ಯಾರಿದ್ದಾರೆ?" ಅಂತ ಬದಲಾಯಿಸಿಕೊಳ್ಳಿ. ಕೋಳಿ, ಮೇಕೆಯ ಹೆಸರೂ ಬರುತ್ತವೆ, ಮಕ್ಕಳಿಗೆ ಅದೇ ಖುಷಿ.

ನಮ್ಮ ಮಗುನ ಆ ಕೇರಿ ಮಕ್ಕಳ ಪಕ್ಕ ಕೂರಿಸಬೇಡಿ ಅಂತಾರೆ. ಸಹಾಯಕಿ ದಲಿತರು ಅಂತ ಊಟಾನೇ ಬಿಡಿಸಿದ್ದಾರೆ. ನಾನು ಅದೇ ಊರಲ್ಲಿ ಬದುಕಬೇಕು ಅಕ್ಕಾ.

ಈ ಪ್ರಶ್ನೆಯನ್ನು ಮೀಟಿಂಗಿನಲ್ಲಿ ಎದ್ದು ನಿಂತು ಯಾರೂ ಕೇಳಿಲ್ಲ. ಯಾವಾಗಲೂ ಹೊರಗೆ, ಬಸ್ಸಿಗೆ ಕಾಯುವಾಗ ಕೇಳುತ್ತಾರೆ. ಕೊನೆಯ ಮಾತು ಅರ್ಥವಾಗುತ್ತದೆ. ಹೆದರಿಕೆ ನಿಜವಾದದ್ದು. ಆದರೂ ಒಂದು ವಿಷಯದಲ್ಲಿ ಜಗ್ಗಬೇಡಿ: ಸಾಲು ಬೇರೆ ಆಗಬಾರದು, ತಟ್ಟೆ ಲೋಟ ಬೇರೆ ಆಗಬಾರದು, ಅಡುಗೆಯವರು ಬದಲಾಗಬಾರದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಅಂಗನವಾಡಿ ಸರ್ಕಾರದ ಜಾಗ. ಅಲ್ಲಿ ಬೇರೆ ಕೂರಿಸಿದವರು ನೀವೇ ಆಗುತ್ತೀರಿ, ಕೂರಿಸಿ ಅಂದವರು ಮಾತ್ರ ಅಲ್ಲ.

ನಾನಿದ್ದ ಊರಿನಲ್ಲಿ ಹೀಗಾದಾಗ ಹನ್ನೊಂದು ಮಕ್ಕಳು ಊಟಕ್ಕೆ ಬರುವುದು ನಿಂತಿತು. ದಿನಾ ಮಧ್ಯಾಹ್ನ ಸಹಾಯಕಿ ಬಡಿಸಿದ ಅನ್ನವನ್ನು ನಾನು ಮಕ್ಕಳ ಜೊತೆ, ಬಾಗಿಲು ತೆರೆದಿಟ್ಟು, ಹೊರಗೆ ಕಾಣುವ ಹಾಗೆ ಕೂತು ಊಟ ಮಾಡಿದೆ. ಸಂಜೆ ಆ ಹನ್ನೊಂದು ಮನೆಗೆ ಒಬ್ಬೊಬ್ಬರ ಹತ್ತಿರವೇ ಹೋದೆ. ಗುಂಪಿನಲ್ಲಿ ಕೂತಾಗ ಯಾರೂ ಬಿಟ್ಟುಕೊಡುವುದಿಲ್ಲ. ಒಬ್ಬೊಬ್ಬರೇ ಇದ್ದಾಗ "ನನಗೇನೂ ಇಲ್ಲ ಟೀಚರ್, ಅತ್ತೆ ಬೈತಾರೆ" ಅನ್ನುವವರು ಸಿಗುತ್ತಾರೆ. ಆಮೇಲೆ ಅತ್ತೆಯರ ಹತ್ತಿರ ಹೋದೆ. ತೂಕದ ಚಾರ್ಟು ತೋರಿಸಿದೆ, ಮಗುವಿನ ಗೆರೆ ಹೇಗೆ ಇಳಿದಿದೆ ನೋಡಿ ಅಂದೆ. ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯ ಅಧ್ಯಕ್ಷರು ಒಂದು ದಿನ ಬಂದು ನಮ್ಮ ಜೊತೆ ಉಂಡರು. ನಾಲ್ಕು ತಿಂಗಳು ಹಿಡಿಯಿತು. ಒಂಬತ್ತು ಮಕ್ಕಳು ವಾಪಸ್ ಬಂದರು. ಇಬ್ಬರು ಕೊನೆಗೂ ಬರಲಿಲ್ಲ. ಆ ಇಬ್ಬರ ಬಗ್ಗೆ ನನಗೆ ಈಗಲೂ ಬೇಸರವಿದೆ.

ಬೆದರಿಕೆ, ಬೈಗುಳದ ಹಂತಕ್ಕೆ ಹೋದರೆ ಒಬ್ಬರೇ ಹೊರಬೇಡಿ. ನಡೆದದ್ದನ್ನು ದಿನಾಂಕ ಹಾಕಿ ಬರೆದು ಮೇಲ್ವಿಚಾರಕಿಗೂ ಸಿಡಿಪಿಓಗೂ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕೊಡಿ, ಸ್ವೀಕೃತಿ ತಗೊಳ್ಳಿ. 1989ರ ದೌರ್ಜನ್ಯ ತಡೆ ಕಾಯ್ದೆ ಇರುವುದು ಇದಕ್ಕೇ. ಎಲ್ಲಕ್ಕಿಂತ ಮೊದಲು ನಿಮ್ಮ ಸಹಾಯಕಿಯ ಹತ್ತಿರ ಕೂತು ಮಾತಾಡಿ. ಇಷ್ಟೆಲ್ಲ ನಡೆಯುವಾಗ ದಿನಾ ಬಂದು ಅನ್ನ ಬೇಯಿಸಿದ್ದು ಅವರು.

ಮಕ್ಕಳೇ "ನೀನು ಕರಿಯ, ಬರಬೇಡ" ಅಂತಾರೆ. ಇಷ್ಟು ಚಿಕ್ಕವರಿಗೆ ಹೇಗೆ ತಿಳಿಸೋದು?

ಅಲ್ಲೇ, ಆಗಲೇ. ಸಂಜೆಯವರೆಗೆ ಕಾದರೆ ಆ ವಯಸ್ಸಿಗೆ ನೆನಪೇ ಇರುವುದಿಲ್ಲ. ಮೊದಲು ನೋವಾದ ಮಗುವಿನ ಹತ್ತಿರ ಹೋಗಿ ಕೈ ಹಿಡಿಯಿರಿ. ಆಮೇಲೆ ಅಂದ ಮಗುವಿಗೆ, "ಬಣ್ಣ ನೋಡಿ ಆಟಕ್ಕೆ ಬೇಡ ಅನ್ನೋ ಹಾಗಿಲ್ಲ ಇಲ್ಲಿ" ಅಂತ ನೇರವಾಗಿ ಹೇಳಿ. ಅದು ಕೆಟ್ಟ ಮಗು ಅಲ್ಲ, ಎಲ್ಲೋ ಕೇಳಿದ್ದನ್ನು ಹೇಳಿದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಕ್ಕಳು ಕೂದಲಿನ ಬಗ್ಗೆ, ಬಣ್ಣದ ಬಗ್ಗೆ ಇಂಥ ಮಾತು ಕೇಳುತ್ತಲೇ ದೊಡ್ಡವರಾಗುತ್ತಾರೆ. ನಾವು ದೊಡ್ಡವರು "ಬೆಳ್ಳಗೆ ಎಷ್ಟು ಚೆನ್ನಾಗಿದೆ ಪಾಪು" ಅನ್ನುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ. ಬಣ್ಣ ಕಲಿಸುವಾಗ ಎಲ್ಲರ ಕೈ ಒಂದರ ಪಕ್ಕ ಒಂದು ಇಟ್ಟು, ಬೆಲ್ಲದ ಬಣ್ಣ, ರಾಗಿ ಬಣ್ಣ, ಗೋಧಿ ಬಣ್ಣ ಅಂತ ಹೆಸರಿಡಿಸಿ.

ನಿಜ ಹೇಳ್ತೀನಿ, ನನ್ನ ಮನಸ್ಸಲ್ಲೇ ಕೆಲವು ಮಕ್ಕಳ ಮೇಲೆ ಪ್ರೀತಿ ಕಡಿಮೆ. ಏನು ಮಾಡಲಿ?

ಇದನ್ನು ಒಬ್ಬ ಕಾರ್ಯಕರ್ತೆ ಪತ್ರದಲ್ಲಿ ಬರೆದಿದ್ದರು. ಬರೆಯಲು ಎಷ್ಟು ಧೈರ್ಯ ಬೇಕು ಅಂತ ಗೊತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ನಾವೆಲ್ಲ ಒಂದೊಂದು ಕೇರಿಯಲ್ಲಿ ಬೆಳೆದವರು. ಅಲ್ಲಿ ಕಲಿತದ್ದು ಕೈಯಲ್ಲಿ ಕೂತಿರುತ್ತದೆ, ನಮಗೇ ಕಾಣುವುದಿಲ್ಲ. ಒಂದು ವಾರ, ದಿನದ ಕೊನೆಗೆ ಹಾಜರಿ ಪುಸ್ತಕ ತೆರೆದು ಇವತ್ತು ಯಾರ ಹೆಸರು ಕರೆದೆ, ಯಾರನ್ನು ಎತ್ತಿಕೊಂಡೆ, ಯಾರ ತಲೆ ಬಾಚಿದೆ ಅಂತ ಒಂದೊಂದು ಚುಕ್ಕೆ ಇಡಿ. ನಾನು ಇಟ್ಟಾಗ ನಾಲ್ಕು ಹೆಸರಿನ ಮುಂದೆ ಒಂದೂ ಚುಕ್ಕೆ ಇರಲಿಲ್ಲ. ಮೂವರು ಒಂದೇ ಓಣಿಯವರು. ಮಾರನೇ ದಿನದಿಂದ ಬೆಳಿಗ್ಗೆ ಆ ನಾಲ್ವರನ್ನೇ ಮೊದಲು ಮಾತಾಡಿಸುವುದು ಅಂತ ಮಾಡಿಕೊಂಡೆ. ಮೊದಮೊದಲು ಅದು ಬರೀ ನಿಯಮವಾಗಿತ್ತು. ಎರಡನೇ ವಾರ ಅವರಲ್ಲೊಬ್ಬಳು ಬಾಗಿಲಲ್ಲೇ ನನಗಾಗಿ ಕಾಯುತ್ತಾ ನಿಂತಿದ್ದಳು, ಕೈಯಲ್ಲಿ ಬಾಚಣಿಗೆ ಹಿಡಿದು.